ಕೂಸಿನ ಪಾಲಿಗೆ ಒಂದು ಗುಂಟೆ

ಮುಂಗಾರು ಬಿತ್ತನೆಗೆ ಮೊದಲು ರೈತನು ಹತ್ತಾರು ಲೆಕ್ಕ ಹಾಕುತ್ತಾನೆ. ಯಾವ ತಳಿ ಬಿತ್ತಬೇಕು, ಗೊಬ್ಬರ ಎಷ್ಟು ಬೇಕು, ಕೂಲಿ ಎಷ್ಟಾದೀತು, ಸುಗ್ಗಿಯ ವೇಳೆಗೆ ಧಾರಣೆ ಹೇಗಿದ್ದೀತು, ಹಸುಗಳಿಗೆ ಮೇವು ಸಾಕಾದೀತೇ ಎಂದು ಎಲ್ಲವನ್ನೂ ತೂಗಿ ನೋಡಿಯೇ ಹೊಲಕ್ಕೆ ಇಳಿಯುತ್ತಾನೆ. ಆದರೆ ಒಂದು ಲೆಕ್ಕ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮನೆಯ ತೊಟ್ಟಿಲಲ್ಲಿರುವ ಕೂಸು ಬರುವ ವರ್ಷ ಏನು ಉಣ್ಣುತ್ತದೆ ಎಂಬ ಲೆಕ್ಕ ಅದು. ಅದು ಹೆಂಗಸರಿಗೆ ಬಿಟ್ಟದ್ದು, ಅಡುಗೆ ಮನೆಯ ಮಾತು ಎಂದು ಗಂಡಸರು ಸುಮ್ಮನಾಗುತ್ತಾರೆ. ಹೊಲದಲ್ಲಿ ಬೆಳೆಯದ ಕಾಳನ್ನು ತಾಯಿ ಒಲೆಯ ಮುಂದೆ ಕುಳಿತು ಸೃಷ್ಟಿಸಲಾರಳು. ಆದ್ದರಿಂದ ಕೂಸಿನ ಊಟದ ಮಾತನ್ನು ಬಿತ್ತನೆಯ ಮಾತಿನೊಂದಿಗೆ ಸೇರಿಸಿಯೇ ಆಡಬೇಕೆಂಬುದು ನಮ್ಮ ಅಭಿಪ್ರಾಯ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳೂ ರಾಗಿಯ ನಾಡು. ಇಲ್ಲಿ ಮಗುವಿಗೆ ಮೊದಲು ಉಣಿಸುವ ಆಹಾರ ರಾಗಿ ಸರಿ. ಇಂತಹ ನಾಡಿನಲ್ಲಿ ಮಕ್ಕಳು ಸೊರಗಬೇಕಾದ ಕಾರಣವೇ ಇಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ನೂರಕ್ಕೆ 33 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲ; ನೂರಕ್ಕೆ 65ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಇಡೀ ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಆಹಾರ ದೊರೆಯುವುದು ನೂರಕ್ಕೆ ಸುಮಾರು 11 ಮಕ್ಕಳಿಗೆ ಮಾತ್ರವೆಂದು ಅದೇ ಸಮೀಕ್ಷೆ ಹೇಳಿದೆ. ಇದು ಬಡತನದ ಫಲ ಮಾತ್ರವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಉಳ್ಳವರ ಮನೆಯಲ್ಲಿಯೂ ತೆಳ್ಳಗಿನ ಗಂಜಿ ಕುಡಿದು ಬೆಳೆಯುವ ಮಕ್ಕಳಿದ್ದಾರೆ.

ರಾಗಿ ಒಳ್ಳೆಯದು, ಆದರೆ ಒಂಟಿ

'ರಾಗಿ ತಿಂದವನು ನಿರೋಗಿ' ಎಂಬ ಗಾದೆ ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಂ ಆಸುಪಾಸು. ಮೂಳೆ ಹಲ್ಲು ಬೆಳೆಯುವ ಕಾಲದಲ್ಲಿ ಮಗುವಿಗೆ ಇದಕ್ಕಿಂತ ಒಳ್ಳೆಯ ಧಾನ್ಯ ದೊರೆಯದು.

ಆದರೆ ರಾಗಿಯಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಸಸಾರಜನಕ ಕಡಿಮೆ. ನೂರಕ್ಕೆ ಸುಮಾರು 7 ಭಾಗ. ಅದರಲ್ಲಿಯೂ ಲೈಸಿನ್ ಎಂಬ ಅಂಶ ಸಾಲದು. ಎರಡನೆಯದು, ಜಿಡ್ಡು ಬಹಳ ಕಡಿಮೆ. ನೂರಕ್ಕೆ ಎರಡು ಭಾಗವೂ ಇಲ್ಲ. ದೊಡ್ಡವರಿಗೆ ಇದು ದೊಡ್ಡ ಕೊರತೆಯಲ್ಲ. ಎರಡು ಮುದ್ದೆ ಉಂಡು, ಜೊತೆಗೆ ಸಾರು, ಕಾಳು, ಒಗ್ಗರಣೆಯ ಎಣ್ಣೆ ಸೇರಿಸಿಕೊಂಡು ಅವರು ಸರಿದೂಗಿಸಿಕೊಳ್ಳುತ್ತಾರೆ. ಕೂಸಿನ ಹೊಟ್ಟೆಯಾದರೋ ಚಿಕ್ಕದು. ಒಂದು ಹೊತ್ತಿಗೆ ಒಂದು ಸಣ್ಣ ಬಟ್ಟಲಿಗಿಂತ ಹೆಚ್ಚು ಹಿಡಿಯದು. ಆ ಬಟ್ಟಲಿನಲ್ಲಿ ನೀರೇ ಹೆಚ್ಚಾದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆರು ತಿಂಗಳಾದ ಮೇಲೆ ಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ಹುಟ್ಟುವಾಗ ದೇಹದಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣದ ಅಂಶ ಈ ವೇಳೆಗೆ ಮುಗಿಯುತ್ತಾ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹಾಲಲ್ಲದೆ ಹೊರಗಿನ ಆಹಾರದಿಂದ ಮಗುವಿಗೆ ದಿನಕ್ಕೆ 6–8 ತಿಂಗಳಲ್ಲಿ ಸುಮಾರು 200 ಕ್ಯಾಲೊರಿ, 9–11 ತಿಂಗಳಲ್ಲಿ 300, ಎರಡನೆಯ ವರ್ಷದಲ್ಲಿ 550 ಕ್ಯಾಲೊರಿ ಬೇಕು. ಎರಡು ವರ್ಷದವರೆಗೂ, ಸಾಧ್ಯವಾದರೆ ಅದಕ್ಕೂ ಮುಂದೆ, ತಾಯಿಯ ಹಾಲು ನಡೆಯುತ್ತಲೇ ಇರಬೇಕು.

ಈಗ ಒಂದು ಬಟ್ಟಲು ಸರಿಯ ಲೆಕ್ಕ ನೋಡೋಣ. 20 ಗ್ರಾಂ ರಾಗಿ ಹಿಟ್ಟಿನಿಂದ ದೊರೆಯುವುದು ಸುಮಾರು 65 ಕ್ಯಾಲೊರಿ, ಒಂದೂವರೆ ಗ್ರಾಂ ಸಸಾರಜನಕ. ಇದಕ್ಕೆ 5 ಗ್ರಾಂ ಹುರಿದ ಎಳ್ಳಿನ ಪುಡಿ ಸೇರಿಸಿದರೆ ಕ್ಯಾಲೊರಿ 90ನ್ನು ದಾಟುತ್ತದೆ. ಸಸಾರಜನಕ ಎರಡೂಕಾಲು ಗ್ರಾಂ ಮೀರುತ್ತದೆ. ಬಟ್ಟಲು ಅದೇ, ಹೊಟ್ಟೆಯೂ ಅದೇ. ಒಳಗೆ ಹೋದ ಸತ್ವ ಮಾತ್ರ ಹೆಚ್ಚು. ಎಳ್ಳು, ಕಡಲೆಕಾಯಿ, ಹುಚ್ಚೆಳ್ಳು ಇವುಗಳಲ್ಲಿ ನೂರಕ್ಕೆ ಸುಮಾರು 40 ಭಾಗ ಜಿಡ್ಡೂ 18ರಿಂದ 25 ಭಾಗ ಸಸಾರಜನಕವೂ ಇರುವುದೇ ಇದಕ್ಕೆ ಕಾರಣ.

ಎಳ್ಳಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೋಗಲಾಡಿಸಬೇಕು. ಎಳ್ಳಿನಲ್ಲಿ ಸುಣ್ಣದ ಅಂಶ ಅಪಾರವೆಂದು ಎಲ್ಲರೂ ಹೇಳುತ್ತಾರೆ. ಅದು ನಿಜವಾದರೂ ಅದರ ಬಹುಪಾಲು ಸಿಪ್ಪೆಯಲ್ಲಿ ಆಕ್ಸಾಲಿಕ್ ಆಮ್ಲದೊಂದಿಗೆ ಬೆರೆತಿರುತ್ತದೆ. ಮೈಗೆ ಸರಿಯಾಗಿ ಹತ್ತುವುದಿಲ್ಲ. ಸುಣ್ಣಕ್ಕೆ ರಾಗಿಯನ್ನು ನಂಬಬೇಕು. ಎಳ್ಳನ್ನು ಸೇರಿಸಬೇಕಾದದ್ದು ಜಿಡ್ಡಿಗಾಗಿ, ಸಸಾರಜನಕಕ್ಕಾಗಿ. ಹಾಗೆಯೇ ಲೈಸಿನ್ ಕೊರತೆಯನ್ನು ಎಳ್ಳು ತುಂಬಲಾರದು. ಅದಕ್ಕೆ ಹೆಸರು, ಅವರೆ, ತೊಗರಿಯಂತಹ ಬೇಳೆಕಾಳು ಬೇಕು. ರಾಗಿ, ಕಾಳು, ಎಣ್ಣೆಬೀಜ ಈ ಮೂರೂ ಕೂಡಿದಾಗಲೇ ಕೂಸಿನ ಊಟ ಪೂರ್ಣವಾಗುತ್ತದೆ.

ಹಿರಿಯರ ಹೊಲ ಇದನ್ನು ಬಲ್ಲದು

ಈ ಮೂರರ ಕೂಟ ಹೊಸ ಸಂಶೋಧನೆಯೇನಲ್ಲ. ನಮ್ಮ ಹಿರಿಯರ ರಾಗಿ ಹೊಲದಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿನಲ್ಲಿ ಹರಳು. ರಾಗಿ ಕೈಕೊಟ್ಟ ವರ್ಷ ಅಕ್ಕಡಿ ಕೈಹಿಡಿಯುತ್ತಿತ್ತು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಕಾಳು ಕಟ್ಟಲು ಅದರಿಂದ ಸಹಾಯವಾಗುತ್ತಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೇ ನೋಡಿ. ಎಳ್ಳು, ಕಡಲೆಕಾಯಿ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಎಣ್ಣೆಬೀಜವೂ ಬೇಳೆಕಾಳೂ ಒಂದೇ ಹಿಡಿಯಲ್ಲಿ ಕೂಡಿರುವ ಇಂತಹ ಆಹಾರವನ್ನು ಯಾವ ಪ್ರಯೋಗಾಲಯವೂ ನಮಗೆ ಕಲಿಸಿಕೊಡಬೇಕಾಗಲಿಲ್ಲ.

ವಿಜ್ಞಾನಿಗಳೂ ಇದೇ ಹಾದಿಯಲ್ಲಿ ನಡೆದರು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಹುರಿಗಡಲೆ ಹಿಟ್ಟು ಒಂದು ಪಾಲು ಸೇರಿಸಿ ವಿವಿಧೋದ್ದೇಶ ಆಹಾರವನ್ನು ಸಿದ್ಧಪಡಿಸಲಾಯಿತು. 1980ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಯ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರವನ್ನು ರೂಪಿಸಿದರು. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಶಕ್ತಿ ಹುಟ್ಟುತ್ತದೆ. ಇದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಮಗು ಸುಲಭವಾಗಿ ನುಂಗುತ್ತದೆ, ಒಂದೊಂದು ಚಮಚದಲ್ಲಿಯೂ ಹೆಚ್ಚು ಆಹಾರ ಹೋಗುತ್ತದೆ. ನಮ್ಮ ಅಜ್ಜಿಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡುತ್ತಿದ್ದುದರ ಗುಟ್ಟು ಇದೇ.

ಸಾಲುಗಳು ಎಲ್ಲಿ ಹೋದವು?

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಈ ಭಾಗದ ಬಹಳಷ್ಟು ಖುಷ್ಕಿ ಜಮೀನಿಗೆ ನೀಲಗಿರಿ ಬಂತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ವೇಳೆಗೆ ಒಂದು ತಲೆಮಾರಿನ ರಾಗಿ ಹೊಲ ಕೈಬಿಟ್ಟುಹೋಗಿತ್ತು. ನೀರಿದ್ದ ಕಡೆ ದ್ರಾಕ್ಷಿ, ಹೂವು, ತರಕಾರಿ ಬಂದವು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಜಮೀನಿನ ಬೆಲೆ ಏರಿತು, ಹೊಲ ನಿವೇಶನವಾಯಿತು. ಉಳಿದ ರಾಗಿ ಹೊಲದಲ್ಲಿ ಯಂತ್ರದ ಕೊಯ್ಲಿಗೆ ಅಡ್ಡಿಯೆಂದು, ಕಳೆನಾಶಕಕ್ಕೆ ತಡೆಯದೆಂದು ಅಕ್ಕಡಿ ಸಾಲುಗಳನ್ನು ಕೈಬಿಡಲಾಯಿತು.

ಇದರಲ್ಲಿ ರೈತನದೇ ತಪ್ಪೆಂದು ಹೇಳುವುದು ಅನ್ಯಾಯ. ಕೂಲಿ ದುಬಾರಿ, ಮಕ್ಕಳು ಕಾರ್ಖಾನೆಗೆ ಹೋಗುತ್ತಾರೆ, ಬೆಲೆ ಬಂದ ಬೆಳೆಯನ್ನು ಬೆಳೆಯುವುದು ಸಹಜ. ದ್ರಾಕ್ಷಿಯ ಹಣದಲ್ಲಿ ಎಳ್ಳು ಕೊಳ್ಳಬಹುದಲ್ಲವೇ ಎಂದು ಕೇಳಬಹುದು. ಖಂಡಿತ ಕೊಳ್ಳಬಹುದು. ಆದರೆ ಅನೇಕ ಮನೆಗಳಲ್ಲಿ ಆಗುತ್ತಿರುವುದು ಬೇರೆ. ಹೊಲದಲ್ಲಿ ಬೆಳೆದ ಕಾಳು ತಾಯಿಯ ಕೈಯಳತೆಯಲ್ಲಿರುತ್ತಿತ್ತು. ಮಡಕೆಯಿಂದ ಒಂದು ಹಿಡಿ ತೆಗೆಯಲು ಆಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳೆ ಹಣವಾದಾಗ ಆ ಹಣ ಗಂಡಸಿನ ಜೇಬಿಗೆ ಹೋಗುತ್ತದೆ. ಅಲ್ಲಿಂದ ಸಾಲಕ್ಕೆ, ಔಷಧಿಗೆ, ಪಂಪಿನ ದುರಸ್ತಿಗೆ ಹೋಗಿ, ಉಳಿದರೆ ಅಂಗಡಿಯ ಬಿಸ್ಕತ್ತಿಗೆ ಬರುತ್ತದೆ. ಬಿತ್ತುವ ತೀರ್ಮಾನ ಗಂಡಸಿನದು, ಉಣಿಸುವ ಹೊಣೆ ಹೆಂಗಸಿನದು. ಈ ಎರಡರ ನಡುವೆ ಬಿದ್ದ ಬಿರುಕಿನಲ್ಲಿ ಕೂಸು ಸೊರಗುತ್ತದೆ.

ಈಗ ಪಟ್ಟಣದ ಅಂಗಡಿಗಳಲ್ಲಿ ಚಿಯಾ, ಸೂರ್ಯಕಾಂತಿ, ಕುಂಬಳದ ಬೀಜಗಳನ್ನು ಸಣ್ಣ ಪೊಟ್ಟಣಗಳಲ್ಲಿಟ್ಟು ಮಕ್ಕಳ ಆರೋಗ್ಯಕ್ಕೆಂದು ಮಾರುತ್ತಾರೆ. ಅವು ಕೆಟ್ಟವಲ್ಲ. ಆದರೆ ನಮ್ಮ ಹುಚ್ಚೆಳ್ಳು, ಎಳ್ಳುಗಳಿಗಿಂತ ಮಿಗಿಲೆಂದು ಭಾವಿಸಿ ಹಣ ತೆರಬೇಕಾಗಿಲ್ಲ. ಹಿತ್ತಲ ಕುಂಬಳಕಾಯಿಯ ಬೀಜವನ್ನು ತಿಪ್ಪೆಗೆ ಎಸೆದು, ಅದನ್ನೇ ಅಂಗಡಿಯಿಂದ ಕೊಂಡು ತರುವುದು ಯಾವ ಜಾಣತನ?

ಒಂದು ಗುಂಟೆಯ ಲೆಕ್ಕ

ನಾವು ಕೇಳುತ್ತಿರುವುದು ದೊಡ್ಡ ತ್ಯಾಗವನ್ನಲ್ಲ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು 10 ಗ್ರಾಂ ಎಣ್ಣೆಬೀಜದ ಪುಡಿ ಸಾಕು. ವರ್ಷಕ್ಕೆ 3 ಕಿಲೋ 650 ಗ್ರಾಂ. ಕಸ, ಸಿಪ್ಪೆ ಕಳೆದರೂ ನಾಲ್ಕೂವರೆ ಕಿಲೋ ಎಂದಿಟ್ಟುಕೊಳ್ಳಿ. ಮಳೆಯಾಶ್ರಯದಲ್ಲಿ ಎಕರೆಗೆ ಎರಡು ಕ್ವಿಂಟಲ್ ಎಳ್ಳು ಬಂದರೆ ಗುಂಟೆಗೆ 5 ಕಿಲೋ ಆಯಿತು. ಮಳೆ ಕಡಿಮೆಯಾಗಿ ಇಳುವರಿ ಅರ್ಧಕ್ಕೆ ಇಳಿದರೆ ಎರಡು ಗುಂಟೆ ಬೇಕಾದೀತು. ಎರಡು ಎಕರೆ ಎಂದರೆ ಎಂಬತ್ತು ಗುಂಟೆ. ಅಷ್ಟು ಜಮೀನಿನ ಒಡೆಯನಿಗೆ ಒಂದೆರಡು ಗುಂಟೆ ಭಾರವೇ?

ಎಳ್ಳನ್ನು ಮುಂಗಾರು ಪೂರ್ವದ ಮಳೆಗೆ, ನೀರು ನಿಲ್ಲದ ಜಾಗದಲ್ಲಿ ಬಿತ್ತಿದರೆ ಸುಮಾರು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಅನಂತರ ಅದೇ ನೆಲದಲ್ಲಿ ಹುರುಳಿ ಚೆಲ್ಲಬಹುದು. ಹುಚ್ಚೆಳ್ಳು ಬಡ ಮಣ್ಣಿಗೂ ಒಗ್ಗುತ್ತದೆ, ಹೆಚ್ಚು ಆರೈಕೆ ಬೇಡುವುದಿಲ್ಲ. ಅಕ್ಕಡಿಗೆ 8 ಸಾಲು ರಾಗಿಗೆ 2 ಸಾಲು ತೊಗರಿ ಎಂಬ ಶಿಫಾರಸು ಇದ್ದೇ ಇದೆ. ಯಂತ್ರದ ಕೊಯ್ಲಿಗೆ ತೊಡಕಾಗುತ್ತದೆ ಎನ್ನುವವರು ಸಾಲುಗಳನ್ನು ಹೊಲದ ನಡುವೆ ಬಿಡದೆ, ಒಂದು ಬದಿಯಲ್ಲಿ ಪಟ್ಟಿಯಾಗಿ ಬಿಡಲಿ. ಬೀಜ ಮತ್ತು ಬೇಸಾಯ ಕ್ರಮದ ಬಗ್ಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಜಮೀನು ಇಲ್ಲದವರು, ಮಾರಿದವರು ಏನು ಮಾಡಬೇಕು? ಸುಗ್ಗಿಯಲ್ಲಿ ಧಾರಣೆ ಇಳಿದಾಗ ನೆರೆಯ ರೈತನಿಂದಲೇ ನಾಲ್ಕೈದು ಕಿಲೋ ಕೊಂಡಿಡುವುದು ಲೇಸು. ಅಂಗನವಾಡಿಯಿಂದ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಮನೆಗೆ ಕೊಡುವ ಆಹಾರವನ್ನೂ ತಪ್ಪದೆ ತರಬೇಕು. ಆದರೆ ಅದರ ಹೆಸರೇ ಪೂರಕ ಆಹಾರ. ಮನೆಯ ಊಟಕ್ಕೆ ಅದನ್ನು ಸೇರಿಸಬೇಕೇ ಹೊರತು ಮನೆಯ ಊಟವನ್ನೇ ಬಿಡಬಾರದು.

ಉಷ್ಣವೆಂಬ ಅಂಜಿಕೆ

ಎಳ್ಳು ಉಷ್ಣ, ಕಡಲೆಕಾಯಿ ಪಿತ್ತ, ಕೂಸಿಗೆ ಕೊಡಬಾರದು ಎಂದು ಮನೆಯ ಹಿರಿಯರು ಹೇಳುವುದುಂಟು. ಅವರ ಅಂಜಿಕೆಯನ್ನು ನಗೆಯಾಡಬಾರದು. ಹುರಿಯದ, ಅರೆಯದ ಬೀಜವನ್ನು ಒಮ್ಮೆಲೇ ಹೆಚ್ಚಾಗಿ ಕೊಟ್ಟರೆ ಮಗುವಿಗೆ ಜೀರ್ಣವಾಗದೆ ಹೊಟ್ಟೆ ಕೆಡುವುದು ಸಹಜ. ಅದನ್ನು ಕಂಡೇ ಈ ಮಾತು ಹುಟ್ಟಿರಬೇಕು. ಚೆನ್ನಾಗಿ ಹುರಿದು, ನುಣ್ಣಗೆ ಪುಡಿ ಮಾಡಿ, ಸರಿಯಲ್ಲಿ ಬೇಯಿಸಿ, ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಿದರೆ ತೊಂದರೆಯಿಲ್ಲ. ಅತ್ತೆ ಸೊಸೆಯರ ನಡುವೆ ಈ ವಿಷಯದಲ್ಲಿ ಜಗಳವಾಗದಂತೆ ಮನೆಯ ಯಜಮಾನನೂ ತಿಳಿದುಕೊಂಡಿರುವುದು ಒಳ್ಳೆಯದು.

ಮಾಡುವ ಕ್ರಮ ಸುಲಭ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಬಿಸಿಲಿನಲ್ಲಿ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಬೆಚ್ಚಗೆ ಹುರಿದು ಬೀಸಬೇಕು. ಹೆಸರುಕಾಳನ್ನೂ ಹೀಗೆಯೇ ಮಾಡಬಹುದು. ಮೂರು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಹೆಸರು ಹಿಟ್ಟು ಸೇರಿಸಿಡಿ. ಎಳ್ಳನ್ನು ಸಂಕ್ರಾಂತಿಗೆ ಮಾಡುವಂತೆ ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಒಣಗಿಸಿ, ಚಿಟಪಟ ಸಿಡಿಯುವವರೆಗೆ ಹುರಿದು ಪುಡಿ ಮಾಡಿ. ಕಡಲೆಕಾಯಿ ಬೀಜವನ್ನು ಹುರಿದು ಕೆಂಪು ಸಿಪ್ಪೆ ತೆಗೆಯಿರಿ. ಹುಚ್ಚೆಳ್ಳಿನಲ್ಲಿ ನಾರು ಹೆಚ್ಚಾದ್ದರಿಂದ ಅದನ್ನು ಒಂದು ವರ್ಷ ತುಂಬಿದ ಮೇಲೆ, ಜರಡಿ ಹಿಡಿದು ಕೊಡುವುದು ಒಳ್ಳೆಯದು. ಎಣ್ಣೆಬೀಜದ ಪುಡಿ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಅದನ್ನು ರಾಗಿ ಹಿಟ್ಟಿನೊಂದಿಗೆ ಬೆರೆಸಿಡದೆ, ವಾರಕ್ಕೆ ಆಗುವಷ್ಟು ಮಾತ್ರ ಪುಡಿ ಮಾಡಿ ಒಣ ಡಬ್ಬಿಯಲ್ಲಿ ಬೇರೆಯೇ ಇಡಬೇಕು.

ಆರು ತಿಂಗಳು ತುಂಬಿದ ಮಗುವಿಗೆ ಕಾಲು ಚಮಚದಿಂದ ಆರಂಭಿಸಿ, ಕೆಲವು ವಾರಗಳಲ್ಲಿ ದಿನಕ್ಕೆ ಒಂದು ಚಮಚಕ್ಕೆ ಏರಿಸಬಹುದು. ಒಂಬತ್ತು ತಿಂಗಳ ಮೇಲೆ ಎರಡು ಚಮಚ, ವರ್ಷ ತುಂಬಿದ ಮೇಲೆ ಮೂರು ಚಮಚ. ಸರಿಯ ಜೊತೆಗೆ ಸೀಬೆ, ಪರಂಗಿ, ಅಥವಾ ದೇವನಹಳ್ಳಿಯ ಹೆಸರಾಂತ ಚಕ್ಕೋತದ ತಿರುಳನ್ನು ಬೀಜ ತೆಗೆದು, ಹಿಸುಕಿ ಸ್ವಲ್ಪ ಕೊಟ್ಟರೆ ಅದರ ಸಿ ಜೀವಸತ್ವದಿಂದ ಕಾಳಿನ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಸೇರಿಸದಿರುವುದೇ ಲೇಸು. ಸಿಹಿಗೆ ಬಾಳೆಹಣ್ಣು ಸಾಕು. ಒಂದು ವರ್ಷದೊಳಗೆ ಜೇನುತುಪ್ಪ ಕೂಡದು.

ಮರೆಯಬಾರದ ಎಚ್ಚರಿಕೆಗಳು

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜವನ್ನಾಗಲಿ, ಇತರ ಇಡೀ ಕಾಳನ್ನಾಗಲಿ ಕೊಡಬೇಡಿ. ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಕಣದಲ್ಲಿ, ಕಡಲೆಕಾಯಿ ಪರಿಷೆಯಲ್ಲಿ ಅಕ್ಕರೆಯಿಂದ ಕೂಸಿನ ಬಾಯಿಗೆ ಬೀಜ ಇಡುವ ಅಜ್ಜ, ಮಾವಂದಿರು ಇದನ್ನು ಗಮನಿಸಬೇಕು.

ಮಳೆಗೆ ನೆನೆದು ಬೂಷ್ಟು ಹಿಡಿದ, ಕಪ್ಪಾದ, ಸುಕ್ಕಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಅದು ಪೂರ್ಣವಾಗಿ ಹೋಗುವುದಿಲ್ಲ. ಮಾರಲು ಬಾರದ ಜೊಳ್ಳನ್ನು ಮನೆಗೆ ಇಟ್ಟುಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಕೂಸಿನ ವಿಷಯದಲ್ಲಿ ಇದು ತಿರುಗಬೇಕು. ಮೊದಲ ದರ್ಜೆಯ ಕಾಳು ಮಗುವಿಗೆ, ಉಳಿದದ್ದು ಮಂಡಿಗೆ.

ಔಷಧಿ ಬೆರೆಸಿದ ಬಿತ್ತನೆ ಬೀಜ ಉಳಿದರೆ ಅದನ್ನು ತೊಳೆದೂ ತಿನ್ನಬಾರದು. ಹರಳು ಬೀಜ ವಿಷ. ಅಕ್ಕಡಿಯ ಹರಳು ಬೇರೆ ಕಾಳಿನೊಂದಿಗೆ ಬೆರೆಯದಂತೆ ನೋಡಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಎಳ್ಳು, ಕಡಲೆಕಾಯಿ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ. ಒಂದೊಂದು ಬೀಜವನ್ನು ಬೇರೆಬೇರೆಯಾಗಿ, ಮೂರು ನಾಲ್ಕು ದಿನ ಕೊಟ್ಟು ನೋಡಿ. ದದ್ದು ಎದ್ದರೆ, ತುಟಿ ಊದಿದರೆ, ವಾಂತಿಯಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಕೊಂಡೊಯ್ಯಿರಿ. ಮಗು ಈಗಾಗಲೇ ಸೊರಗಿದ್ದರೆ, ತೂಕ ಏರದಿದ್ದರೆ ಬೀಜದ ಪುಡಿಯನ್ನೇ ಔಷಧಿಯೆಂದು ನಂಬಿ ಕೂರಬಾರದು.

ರೈತ ಬಾಂಧವರೇ, 2023ನ್ನು ಜಗತ್ತೆಲ್ಲ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಮ್ಮ ರಾಗಿಗೆ ಎಲ್ಲೆಡೆ ಮನ್ನಣೆ ಬಂತು. ಆ ರಾಗಿಯ ಒಡನಾಡಿಗಳಾದ ಎಳ್ಳು, ಹುಚ್ಚೆಳ್ಳು, ಅವರೆ, ಹೆಸರುಗಳನ್ನು ಹೊಲದಿಂದ ಹೊರಹಾಕಿ, ರಾಗಿಯೊಂದರಿಂದಲೇ ಮಕ್ಕಳು ಬೆಳೆಯಲೆಂದು ಬಯಸುವುದು ಸರಿಯಲ್ಲ. ಮುಂದಿನ ಬಿತ್ತನೆಗೆ ಬೀಜ ತರುವ ಮುನ್ನ ಮನೆಯಾಕೆಯನ್ನು ಒಂದು ಮಾತು ಕೇಳಿ: ಈ ವರ್ಷ ಕೂಸಿಗೆ ಯಾವ ಕಾಳು, ಎಷ್ಟು ಬೇಕು? ಆಕೆ ಹೇಳಿದ ಅಳತೆಗೆ ಒಂದು ಗುಂಟೆ ಗುರುತು ಹಾಕಿ. ಸುಗ್ಗಿಯಾದ ಮೇಲೆ ಮಂಡಿಗೆ ಗಾಡಿ ಹೂಡುವ ಮೊದಲು ಆ ಗುಂಟೆಯ ಕಾಳು ಮನೆಯೊಳಗೆ ಸೇರಲಿ.